ಫ್ರೀಮಾಂಟೋ, ಕುಪರ್ಟಿನೊವೋ, ಡಬ್ಲಿನ್ನೋ? ಶಾಲೆ ನೋಡಿ ಮನೆ ಹುಡುಕುವವನ ಗೋಳು

ಬಸವನಗುಡಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಜೂನ್ ಕೊನೆಗೆ ಕರಾರು ಮುಗಿಯುತ್ತದೆ. ಮಗಳು ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್‌ಗೆ ಸೇರಬೇಕು, ಮಗನಿಗೆ ಎರಡೂವರೆ ವರ್ಷ. ನನ್ನ ಕಚೇರಿ ಮೌಂಟನ್ ವ್ಯೂನಲ್ಲಿ, ವಾರಕ್ಕೆ ಮೂರು ದಿನ ಹೋಗಬೇಕು. ಹೆಂಡತಿಯದು ಪ್ಲೆಸಂಟನ್, ಎರಡು ದಿನ.

ಮೂರು ದಾರಿ ಕಾಣುತ್ತಿವೆ. ಒಂದು, ಕುಪರ್ಟಿನೊದಲ್ಲಿ ಇದಕ್ಕಿಂತ ಚಿಕ್ಕ, ಇದಕ್ಕಿಂತ ಹಳೆಯ ಬಾಡಿಗೆ ಮನೆ (ಕೊಳ್ಳುವ ಮಾತು ಬಿಡಿ, ಈ ಜನ್ಮದಲ್ಲಿಲ್ಲ). ಎರಡು, ಸಾಲ ಮಾಡಿ ಫ್ರೀಮಾಂಟ್‌ನಲ್ಲಿ ಒಂದು ಟೌನ್‌ಹೌಸ್. ಮೂರು, ಡಬ್ಲಿನ್‌ನಲ್ಲಿ ಹೊಸ ಮನೆ. ಅಡುಗೆಮನೆ ನೋಡಿ ಹೆಂಡತಿಗೆ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಹದಿನೇಳು ಕಾಲಂಗಳ ಎಕ್ಸೆಲ್ ಹಾಳೆ ಮಾಡಿದ್ದೇನೆ. ನಮ್ಮ ಜಾತಕ ಕೂಡಿಸುವಾಗಲೂ ಇಷ್ಟು ಕೋಷ್ಟಕ ನೋಡಿರಲಿಲ್ಲ ಎಂದು ಅವಳ ಟೀಕೆ. ಆದರೆ ಹಾಳೆಯ ಪ್ರಕಾರ ಗೆಲ್ಲುವುದು ಫ್ರೀಮಾಂಟ್: ಆ ಡಿಸ್ಟ್ರಿಕ್ಟ್‌ನಲ್ಲಿ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಐದು ಹೈಸ್ಕೂಲುಗಳಿವೆ, ಹೆಸರಾಂತ ಲಿನ್‌ಬ್ರೂಕ್ ಹೈಸ್ಕೂಲ್ ಕೂಡ ಅದರಲ್ಲೇ ಇದೆ. ಕುಪರ್ಟಿನೊ ದುಡ್ಡು ಕೊಡದೆ ಅದೇ ಶಾಲೆ ಸಿಗುವುದಾದರೆ ಇನ್ನೇನು ಬೇಕು? ಅನುಭವ ಇದ್ದವರು ಹೇಳಿ.

ಕಾಫಿ_ಡಿಕಾಕ್ಷನ್

ಸರ್, ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಈಗಲೇ ನಿಲ್ಲಿಸಿ.

ನೀವು ನೋಡಿರುವುದು ‘ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್’. ಅದಕ್ಕೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ. ಅದು ಇರುವುದು ನೀವಿರುವ ಸನಿವೇಲ್–ಕುಪರ್ಟಿನೊ ಕಡೆ. ಅದರ ಐದು ಶಾಲೆಗಳು ಕುಪರ್ಟಿನೊ, ಫ್ರೀಮಾಂಟ್, ಹೋಮ್‌ಸ್ಟೆಡ್, ಲಿನ್‌ಬ್ರೂಕ್, ಮೊಂಟಾ ವಿಸ್ಟಾ. ಇದರಲ್ಲಿ ‘ಫ್ರೀಮಾಂಟ್ ಹೈಸ್ಕೂಲ್’ ಇರುವುದು ಸನಿವೇಲ್‌ನಲ್ಲಿ, ಲಿನ್‌ಬ್ರೂಕ್ ಇರುವುದು ಸ್ಯಾನ್ ಹೊಸೆಯಲ್ಲಿ. ಕೊಲ್ಲಿಯ ಆಚೆ ಇರುವ ಫ್ರೀಮಾಂಟ್ ಊರಿನದು ‘ಫ್ರೀಮಾಂಟ್ ಯೂನಿಫೈಡ್’. ಅದರಲ್ಲೂ ದುರದೃಷ್ಟಕ್ಕೆ ದೊಡ್ಡ ಹೈಸ್ಕೂಲುಗಳು ಐದೇ: ಅಮೆರಿಕನ್, ಇರ್ವಿಂಗ್ಟನ್, ಕೆನಡಿ, ಮಿಷನ್ ಸ್ಯಾನ್ ಹೊಸೆ, ವಾಷಿಂಗ್ಟನ್.

ಹೆಸರು ಇಟ್ಟವರಿಗೆ ನಮಸ್ಕಾರ ಹಾಕಬೇಕು.

ಬಸವನಗುಡಿ_ಅಪ್ಪ

ಅಯ್ಯೋ. ಹೆಂಡತಿಗೆ ಇದನ್ನು ಓದಿ ಹೇಳಿದೆ. ಈಗ ಅವಳು ತನ್ನ ತಂಗಿಗೆ ಫೋನ್ ಮಾಡಿ ನಗುತ್ತಿದ್ದಾಳೆ.

ಕುಂದಾಪುರದ_ಮೀನು

ಬೇಸರ ಬೇಡ. ನನ್ನ ಭಾವ ‘ಮೊಂಟಾ ವಿಸ್ಟಾ’ ಎಂದುಕೊಂಡು ಡ್ಯಾನ್‌ವಿಲ್‌ನಲ್ಲಿರುವ ‘ಮಾಂಟೆ ವಿಸ್ಟಾ’ ಹತ್ತಿರ ಮನೆ ನೋಡಿಕೊಂಡು ಬಂದಿದ್ದರು. ಆ ಶಾಲೆಯೂ ಚೆನ್ನಾಗಿದೆ, ಆದರೆ ಸುಮಾರು ನಲವತ್ತು ಮೈಲಿ ದೂರ.

ಮಲೆನಾಡಿನ_ಮಳೆ

ಫ್ರೀಮಾಂಟ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ, ಇಬ್ಬರು ಮಕ್ಕಳು. ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಡಿಸ್ಟ್ರಿಕ್ಟ್ ನೋಡಿ ಮನೆ ಕೊಂಡರೆ ಸಾಲದು. ಆ ವಿಳಾಸಕ್ಕೆ ಯಾವ ಶಾಲೆ ಎಂದು ನೋಡಬೇಕು. ಅದನ್ನು ನೋಡಿ ಕೊಂಡರೂ ಆ ಶಾಲೆಯಲ್ಲಿ ಜಾಗ ಇರಬೇಕು! ನಾವು ಶಾಲೆಗೆ ನಡೆದೇ ಹೋಗಬಹುದು ಎಂದು ಸಂಭ್ರಮದಿಂದ ಮನೆ ತೆಗೆದುಕೊಂಡೆವು. ದೊಡ್ಡವನನ್ನು ಸೇರಿಸಲು ಹೋದರೆ ಆ ತರಗತಿ ತುಂಬಿದೆ ಎಂದು ಮೂರು ಮೈಲಿ ಆಚೆಯ ಶಾಲೆಗೆ ಹಾಕಿದರು. ಅಡುಗೆಮನೆಯ ಕಿಟಕಿಯಿಂದ ನಮ್ಮ ‘ಸ್ವಂತ’ ಶಾಲೆಯ ಗಂಟೆ ಕೇಳುತ್ತಿತ್ತು, ನಾನು ಕಾರಿನ ಕೀಲಿ ಹುಡುಕುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಎರಡನೆಯವಳ ಸರದಿ ಬಂದಾಗ ದಾಖಲಾತಿ ತೆರೆದ ದಿನ ಬೆಳಿಗ್ಗೆಯೇ ಕಾಗದಪತ್ರ ಹಿಡಿದು ಕುಳಿತಿದ್ದೆ.

ಇನ್ನೊಂದು, ನಿಮ್ಮ ಹದಿನೇಳು ಕಾಲಂಗಳಲ್ಲಿ ‘ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ’ ಎಂಬುದು ಇದೆಯೇ? ಇಬ್ಬರೂ ಕೆಲಸಕ್ಕೆ ಹೋಗುವವರು. ಕಿಂಡರ್‌ಗಾರ್ಟನ್ ಮಕ್ಕಳನ್ನು ಮಧ್ಯಾಹ್ನವೇ ಕಳುಹಿಸುವ ಶಾಲೆಗಳಿವೆ. ಆಮೇಲೆ ಸಂಜೆವರೆಗೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಶಾಲೆಯ ಆವರಣದಲ್ಲೇ ನಡೆಯುವ ಡೇಕೇರ್‌ಗೆ ಕಾಯುವವರ ಪಟ್ಟಿ ಇರುತ್ತದೆ. ಹತ್ತಕ್ಕೆ ಹತ್ತು ಅಂಕದ ಶಾಲೆ ಸಿಕ್ಕಿ, ಡೇಕೇರ್ ಸಿಗದೆ ಕೆಲಸ ಬಿಟ್ಟ ಗೆಳತಿಯೊಬ್ಬಳು ನನಗಿದ್ದಾಳೆ.

ಬಸವನಗುಡಿ_ಅಪ್ಪ

ಇಲ್ಲ ಅಕ್ಕ, ಆ ಕಾಲಂ ಇರಲಿಲ್ಲ. ಈಗ ಹದಿನೆಂಟು.

ಅಂಕಿಅಂಶ_ರಾಯ

ಅಂಕದ ಬಗ್ಗೆ ಒಂದು ಮಾತು. ಮನೆ ಮಾರುವ ತಾಣಗಳಲ್ಲಿ ಶಾಲೆಯ ಪಕ್ಕ ಕಾಣುವ ಆ ಅಂಕ ಬಹುಮಟ್ಟಿಗೆ ರಾಜ್ಯದ ಪರೀಕ್ಷೆಯ ಫಲಿತಾಂಶದಿಂದ ಬರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಗಣಿತ ಮತ್ತು ಇಂಗ್ಲಿಷ್ ಪರೀಕ್ಷೆ ನಡೆಯುವುದು 3ರಿಂದ 8ನೇ ತರಗತಿವರೆಗೆ, ಆಮೇಲೆ 11ರಲ್ಲಿ. ಅಂದರೆ ನಿಮ್ಮ ಮಗಳು ಸೇರುವ ಕಿಂಡರ್‌ಗಾರ್ಟನ್ ಬಗ್ಗೆ ಆ ಅಂಕ ಏನನ್ನೂ ಹೇಳುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಇಂಜಿನಿಯರುಗಳಾಗಿ, ಸಂಜೆ ಗಣಿತದ ಟ್ಯೂಷನ್‌ಗೆ ಕಳುಹಿಸುವ ಮನೆಗಳೇ ತುಂಬಿರುವ ಬಡಾವಣೆಯಲ್ಲಿ ಶಾಲೆಗೆ ಬೀಗ ಹಾಕಿದರೂ ಆರು ತಿಂಗಳು ಅಂಕ ಇಳಿಯುವುದಿಲ್ಲ.

ರಾಜ್ಯ ಸರ್ಕಾರದ ‘ಡ್ಯಾಶ್‌ಬೋರ್ಡ್’ ನೋಡಿ. ಮಕ್ಕಳು ಎಷ್ಟು ದಿನ ಗೈರು, ಹಿಂದಿನ ವರ್ಷಕ್ಕಿಂತ ಏರಿದ್ದಾರೆಯೇ ಇಳಿದಿದ್ದಾರೆಯೇ, ಯಾವ ಗುಂಪಿನ ಮಕ್ಕಳು ಹಿಂದುಳಿದಿದ್ದಾರೆ ಎಂಬುದೆಲ್ಲ ಅಲ್ಲಿ ಬಿಡಿಬಿಡಿಯಾಗಿದೆ.

ಹುಬ್ಬಳ್ಳಿ_ಗಿರ್ಮಿಟ್

ಅಂಕ ಮುಖ್ಯವಲ್ಲ ಎಂದು ಉಪದೇಶ ಮಾಡುವವರೆಲ್ಲ 94539ರಲ್ಲೇ (ಫ್ರೀಮಾಂಟ್‌ನ ಮಿಷನ್ ಸ್ಯಾನ್ ಹೊಸೆ ಕಡೆ) ಮನೆ ಕೊಂಡಿರುತ್ತಾರೆ. ರಾಯರೇ, ನಿಮ್ಮ ಪಿನ್‌ಕೋಡ್ ಹೇಳಿ ನೋಡೋಣ.

ಅಂಕಿಅಂಶ_ರಾಯ

94539. ಆದರೆ ನಾನು ಕೊಂಡದ್ದು 2010ರಲ್ಲಿ, ಆಗ ಬೆಲೆ ಬಿದ್ದಿತ್ತು.

ಹುಬ್ಬಳ್ಳಿ_ಗಿರ್ಮಿಟ್

😄 ಸಾಕು, ವಾದ ಮುಗಿಯಿತು.

ಕಾಫಿ_ಡಿಕಾಕ್ಷನ್

ಗಿರ್ಮಿಟ್ ಅವರೇ, ತಮಾಷೆ ಬಿಡಿ, ರಾಯರು 2010ರಲ್ಲಿ ಕೊಂಡದ್ದಕ್ಕೂ ಶಾಲೆಗಳ ದುಡ್ಡಿಗೂ ಸಂಬಂಧ ಇದೆ. 1978ರ ಪ್ರೊಪೊಸಿಷನ್ 13 ಎಂಬ ರಾಜ್ಯದ ನಿಯಮದ ಪ್ರಕಾರ ಮನೆಯ ತೆರಿಗೆ ಕೊಂಡ ಬೆಲೆಯ ಶೇ 1ರ ಆಸುಪಾಸು, ಆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ರಾಯರ ಪಕ್ಕದ ಮನೆಯನ್ನು ಈ ವರ್ಷ ಕೊಂಡವರು ಅದೇ ಬೀದಿ, ಅದೇ ಶಾಲೆಗೆ ರಾಯರ ಎರಡು ಮೂರು ಪಟ್ಟು ತೆರಿಗೆ ಕಟ್ಟುತ್ತಿರುತ್ತಾರೆ.

ಈಗ ಡಿಸ್ಟ್ರಿಕ್ಟ್‌ಗಳ ಲೆಕ್ಕ. 2013ರಲ್ಲಿ ಬಂದ ಶಾಲಾ ಅನುದಾನದ ಹೊಸ ಸೂತ್ರದಲ್ಲಿ ರಾಜ್ಯ ಪ್ರತಿ ಮಗುವಿಗೆ ಮೂಲ ಮೊತ್ತ ಕೊಡುತ್ತದೆ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಸಾಕು ಮನೆಗಳಲ್ಲಿ (ಫಾಸ್ಟರ್ ಕೇರ್) ಬೆಳೆಯುವವರು ಇದ್ದರೆ ಅದರ ಮೇಲೆ ಹೆಚ್ಚುವರಿ. ಫ್ರೀಮಾಂಟ್‌ನಂತಹ ಕಡೆ ಅಂಥ ಮಕ್ಕಳು ಕಡಿಮೆ, ಆದ್ದರಿಂದ ಹೆಚ್ಚುವರಿಯೂ ಕಡಿಮೆ. ಇನ್ನೊಂದು ಕಡೆ, ಆಸ್ತಿ ತೆರಿಗೆಯೇ ಆ ಸೂತ್ರದ ಮೊತ್ತವನ್ನು ಮೀರುವ ಡಿಸ್ಟ್ರಿಕ್ಟ್‌ಗಳಿವೆ. ಮಿಕ್ಕಿದ್ದನ್ನು ಅವು ತಾವೇ ಇಟ್ಟುಕೊಳ್ಳುತ್ತವೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್, ಸಾಂಟಾ ಕ್ಲಾರಾ ಯೂನಿಫೈಡ್ ಆ ಸಾಲಿನವು. ದೊಡ್ಡ ದೊಡ್ಡ ಕಂಪನಿಗಳ ಕಟ್ಟಡಗಳು ಅವರ ಗಡಿಯೊಳಗಿವೆ, ನೋಡಿ. ‘ಶ್ರೀಮಂತರ ಊರು, ಆದ್ದರಿಂದ ಶ್ರೀಮಂತ ಶಾಲೆ’ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ ಎಂಬುದಕ್ಕೆ ಇಷ್ಟು ಬರೆದೆ.

ಶಿರಸಿ_ಅಪ್ಪೆಹುಳಿ

ಅದಕ್ಕೇ ಇರಬೇಕು ನಮ್ಮ ಪೋಷಕರ ಸಂಘದವರು ವರ್ಷವಿಡೀ ಚಂದಾ ಕೇಳುವುದು. ಊರಿನ ಗಣೇಶೋತ್ಸವದ ಹುಡುಗರೇ ವಾಸಿ, ವರ್ಷಕ್ಕೊಮ್ಮೆ ಬರುತ್ತಾರೆ.

ಡಬ್ಲಿನ್_ದಾವಣಗೆರೆ

ಡಬ್ಲಿನ್ ಬಗ್ಗೆ ಯಾರೂ ಬರೆಯದ ಕಾರಣ ನಾನೇ ಬರೆಯುತ್ತೇನೆ. ಮನೆ ಹೊಸದು, ಪಾರ್ಕ್ ಹೊಸದು, ರಸ್ತೆಯಲ್ಲಿ ಸಂಜೆ ನಡೆದರೆ ನಾಲ್ಕು ಕಡೆ ಕನ್ನಡ ಕೇಳುತ್ತದೆ. ಆದರೆ ಬೆಲೆಯ ಹಾಳೆಯಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೆಲ್ಲೊ-ರೂಸ್’ ಎಂದಿರುತ್ತದೆ. ಹೊಸ ಬಡಾವಣೆಯ ರಸ್ತೆ, ಶಾಲೆ, ಚರಂಡಿಗಾಗಿ 1982ರ ಕಾಯ್ದೆಯಡಿ ಹಾಕುವ ವಿಶೇಷ ತೆರಿಗೆ ಅದು. ಸಾಮಾನ್ಯ ಆಸ್ತಿ ತೆರಿಗೆಯ ಮೇಲೆ ಬೇರೆ. ವರ್ಷಕ್ಕೆ ಸಾವಿರಾರು ಡಾಲರ್, ದಶಕಗಟ್ಟಲೆ. ಒಂದೇ ರಸ್ತೆಯ ಆಚೆ ಬದಿಗೆ ಇರುತ್ತದೆ, ಈಚೆ ಬದಿಗೆ ಇರುವುದಿಲ್ಲ. ಮಾರುವವರನ್ನು ಕೇಳಿ ಬರಹದಲ್ಲಿ ತೆಗೆದುಕೊಳ್ಳಿ.

ಶಾಲೆಗಳು ಚೆನ್ನಾಗಿವೆ. ಮನೆ ಕಟ್ಟುವ ವೇಗಕ್ಕೆ ಶಾಲೆ ಕಟ್ಟುವ ವೇಗ ಸಾಲದೆ ಒಂದೇ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ನೂಕುನುಗ್ಗಲಾಗಿತ್ತು. ಎಮರಾಲ್ಡ್ ಹೈಸ್ಕೂಲ್ ಈಚೆಗೆ ತೆರೆದ ಮೇಲೆ ಉಸಿರಾಡುತ್ತಿದ್ದೇವೆ. ನಿಮ್ಮ ಹೆಂಡತಿಗೆ ಪ್ಲೆಸಂಟನ್ ಹತ್ತು ನಿಮಿಷ. ನಿಮಗೆ ಮೌಂಟನ್ ವ್ಯೂ... ಸುನೋಲ್ ಗುಡ್ಡದ ಟ್ರಾಫಿಕ್ ಸಾಲಿನಲ್ಲಿ ನಿಂತು ಪೂರ್ತಿ ವಿಷ್ಣು ಸಹಸ್ರನಾಮ ಕೇಳಬಹುದು, ಎರಡು ಸಲ.

ತುಮಕೂರು_ತಟ್ಟೆಇಡ್ಲಿ

ಮಿಲ್ಪಿಟಾಸ್ ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? ಇಬ್ಬರ ಕಚೇರಿಗೂ ನಡುವೆ ಇದೆ. ಊರಿನ ಬಹುಪಾಲಿಗೆ ಒಂದೇ ಯೂನಿಫೈಡ್ ಡಿಸ್ಟ್ರಿಕ್ಟ್ (ಕಿಂಡರ್‌ಗಾರ್ಟನ್‌ನಿಂದ ಹೈಸ್ಕೂಲ್‌ವರೆಗೆ ಒಂದೇ ಆಡಳಿತ), ಒಂದೇ ದೊಡ್ಡ ಹೈಸ್ಕೂಲ್. ಹೆಚ್ಚಿನ ಬೀದಿಗಳಲ್ಲಿ ಮನೆ ಕೊಂಡರೂ ಕೊನೆಗೆ ಮಕ್ಕಳು ಅಲ್ಲಿಗೇ. ಗಡಿ ರೇಖೆಯ ತಲೆನೋವು ಕಡಿಮೆ.

ಹುಬ್ಬಳ್ಳಿ_ಗಿರ್ಮಿಟ್

ಊರ ಪಕ್ಕದ ಕಸದ ಗುಡ್ಡದ ವಾಸನೆಯನ್ನೂ ಕಾಲಂಗೆ ಸೇರಿಸಿ.

ತುಮಕೂರು_ತಟ್ಟೆಇಡ್ಲಿ

ಗಾಳಿ ಬೀಸಿದ ದಿನ ಮಾತ್ರ!

ಚಿಕ್ಕಮಗಳೂರು_ಹುಡುಗಿ

ಅಮ್ಮನ ಮೊಬೈಲಿನಲ್ಲಿ ಈ ಚರ್ಚೆ ನೋಡಿ ಖಾತೆ ತೆರೆದೆ. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ. ನೀವೆಲ್ಲ ಹೆಸರು ಹೇಳಿ ಹಾತೊರೆಯುವ ಶಾಲೆಗಳಲ್ಲಿ ಒಂದರಲ್ಲಿ ನಾಲ್ಕು ವರ್ಷ ಓದಿದ್ದೇನೆ, ಈಗ ಕಾಲೇಜಿನ ಎರಡನೇ ವರ್ಷ.

ಶಿಕ್ಷಕರು ಒಳ್ಳೆಯವರು. ನನ್ನ ಕೆಮಿಸ್ಟ್ರಿ ಮೇಷ್ಟ್ರನ್ನು ಇಂದಿಗೂ ನೆನೆಸುತ್ತೇನೆ. ಆದರೆ ಅಲ್ಲಿ ‘ಎ’ ಬಂದರೆ ಯಾರಿಗೂ ಹೇಳುವುದಿಲ್ಲ, ‘ಬಿ’ ಬಂದರೆ ಎಲ್ಲರಿಂದ ಮುಚ್ಚಿಡುತ್ತಾರೆ. ಒಂಬತ್ತನೆಯ ತರಗತಿಯ ಮೊದಲ ವಾರ ನನ್ನ ಪಕ್ಕದ ಹುಡುಗ ಕೇಳಿದ್ದು ನನ್ನ ಹೆಸರನ್ನಲ್ಲ, ‘ನೀನು ಯಾವ ಗಣಿತ?’ ಎಂದು. ಬೇಸಿಗೆಯಲ್ಲಿ ಜಿಯಾಮೆಟ್ರಿ ಮುಗಿಸಿ ಬಂದವರು ಒಂದು ಕಡೆ, ನನ್ನಂಥವರು ಒಂದು ಕಡೆ. ಮಧ್ಯಾಹ್ನದ ಊಟದ ಮೇಜೂ ಹಾಗೆಯೇ ಬೇರೆಯಾಯಿತು.

ಇನ್ನೊಂದು ವಿಷಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದವರು ಈಗ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ನಿಮ್ಮ ಶಾಲೆಯಲ್ಲಿ ನೀವು ಮೇಲಿನ ಶೇ 9ರಲ್ಲಿ ಇದ್ದೀರಾ ಎಂದು ನೋಡುವ ಒಂದು ನಿಯಮವೂ ಇದೆ. ನನ್ನ ಅಂಕಕ್ಕೆ ಬೇರೆ ಯಾವುದೇ ಸಾಮಾನ್ಯ ಶಾಲೆಯಲ್ಲಿ ಆ ಪಟ್ಟಿಯಲ್ಲಿ ಇರುತ್ತಿದ್ದೆ. ನಮ್ಮ ಶಾಲೆಯಲ್ಲಿ ಹತ್ತಿರವೂ ಸುಳಿಯಲಿಲ್ಲ. ಅಮ್ಮ ಅಪ್ಪ ಆ ಮನೆಯ ಸಾಲವನ್ನು ಇನ್ನೂ ಕಟ್ಟುತ್ತಿದ್ದಾರೆ.

ಅಂಕಿಅಂಶ_ರಾಯ

ಪುಟ್ಟಿ, ಕನ್ನಡ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಒಂದು ತಿದ್ದುಪಡಿ ಮಾತ್ರ. ಆ ಶೇ 9ರ ನಿಯಮ ಬರ್ಕ್‌ಲಿಗೋ ಯುಸಿಎಲ್‌ಎಗೋ ಸೀಟು ಖಚಿತ ಮಾಡುವುದಿಲ್ಲ. ಕೇಳಿದ ಕಡೆ ಎಲ್ಲೂ ಸಿಗದಿದ್ದರೆ ಜಾಗ ಇರುವ ಕ್ಯಾಂಪಸ್‌ನಲ್ಲಿ ಒಂದು ಸೀಟು ಕೊಡುತ್ತಾರೆ, ವಾಡಿಕೆಯಲ್ಲಿ ಅದು ಮರ್ಸೆಡ್. ಅದನ್ನೇ ನಂಬಿ ‘ಸಾಮಾನ್ಯ ಶಾಲೆ’ ಹುಡುಕಲು ಹೊರಡಬಾರದು.

ಚಿಕ್ಕಮಗಳೂರು_ಹುಡುಗಿ

ಸರಿ ಅಂಕಲ್. ನಾನು ಓದುತ್ತಿರುವುದೇ ಮರ್ಸೆಡ್‌ನಲ್ಲಿ, ನನ್ನ ಅರ್ಜಿಯಿಂದಲೇ ಸಿಕ್ಕಿತು. ಚೆನ್ನಾಗಿದೆ. ಹಸುಗಳಿವೆ.

ಮಲೆನಾಡಿನ_ಮಳೆ

ಈ ಮಗುವಿನ ಮಾತನ್ನು ನಗುವಿನಲ್ಲಿ ತೇಲಿಸಬೇಡಿ. ಪಾಲೊ ಆಲ್ಟೊದಲ್ಲಿ ಹದಿಹರೆಯದವರ ಸಾವುಗಳಾದ ಮೇಲೆ 2016ರಲ್ಲಿ ಕೇಂದ್ರ ಆರೋಗ್ಯ ಸಂಸ್ಥೆಯ ತಂಡವೇ ಅಧ್ಯಯನಕ್ಕೆ ಬಂದಿತ್ತು. ಕಾರಣ ಒಂದೇ ಅಲ್ಲ, ಶಾಲೆಯೊಂದನ್ನೇ ದೂರುವುದೂ ತಪ್ಪು. ಆದರೆ ಹೈಸ್ಕೂಲು ನೋಡಲು ಹೋದಾಗ ಆಪ್ತ ಸಲಹೆಗಾರರು ಎಷ್ಟು ಜನ, ಮಗು ತಾನಾಗಿಯೇ ಹೋಗಿ ಕೂರಲು ಒಂದು ಕೋಣೆ ಇದೆಯೇ ಎಂದು ಕೇಳಿ. ಕಾಲೇಜು ಮಟ್ಟದ ಎಪಿ ತರಗತಿಗಳು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ನಿವೃತ್ತ_ಮೇಷ್ಟ್ರು

ನಾನು ತಿಪಟೂರು ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು. ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದೇನೆ. ‘ಡಿಸ್ಟ್ರಿಕ್ಟ್’ ಎಂದರೆ ನನಗೆ ಡಿ.ಸಿ. ಕಚೇರಿಯೇ ಕಣ್ಣ ಮುಂದೆ ಬರುತ್ತದೆ, ಕ್ಷಮಿಸಿ.

ನಮ್ಮಲ್ಲಿ ಅನುಕೂಲವಂತರು ಸರ್ಕಾರಿ ಶಾಲೆ ತಪ್ಪಿಸಿಕೊಳ್ಳಲು ದುಡ್ಡು ಕೊಡುತ್ತಾರೆ. ಇಲ್ಲಿ ಸರ್ಕಾರಿ ಶಾಲೆಗೆ ಸೇರಿಸಲು ಮನೆಗೆ ದುಡ್ಡು ಸುರಿಯುತ್ತಾರೆ! ಶಿಕ್ಷಣ ಉಚಿತ ಎಂದು ಮಗ ಹೇಳಿದ. ಬಾಡಿಗೆ ಎಷ್ಟು ಎಂದು ಕೇಳಿದೆ. ಆಮೇಲೆ ಆ ಮಾತು ಬೇಡವಾಯಿತು.

ದಿನಾ ಎರಡು ಗಂಟೆ ನಲವತ್ತಕ್ಕೆ ಮೊಮ್ಮಗನನ್ನು ಕರೆತರಲು ಹೋಗುತ್ತೇನೆ. ಶಾಲೆ ಹೇಗಿದೆ ಎಂದು ತಿಳಿಯಲು ಬಿಡುವ ಹೊತ್ತಿಗೆ ಗೇಟಿನ ಬಳಿ ನಿಲ್ಲಬೇಕು. ಮೊನ್ನೆ ಒಬ್ಬ ಹುಡುಗ ಅಳುತ್ತಾ ಬಂದ, ಒಂದು ಕಾಲಿನ ಷೂ ಕೈಯಲ್ಲಿತ್ತು. ಅವನ ಟೀಚರ್ ಸಾಲು ಬಿಟ್ಟು ಬಂದು ನೆಲದ ಮೇಲೆ ಮಂಡಿಯೂರಿ ಕುಳಿತು ಲೇಸ್ ಬಿಡಿಸಿ ಮತ್ತೆ ಕಟ್ಟಿದರು. ಹಿಂದೆ ಕಾರುಗಳ ಸಾಲು ಹಾರ್ನ್ ಮಾಡುತ್ತಿದ್ದರೂ ತಲೆಯೆತ್ತಲಿಲ್ಲ. ಆ ಶಾಲೆಗೆ ಹತ್ತಕ್ಕೆ ಆರು ಅಂಕವಂತೆ.

ಹುಬ್ಬಳ್ಳಿ_ಗಿರ್ಮಿಟ್

ಮೇಷ್ಟ್ರೇ, ನಮಸ್ಕಾರ. ಆದರೆ ಮಗು ಇಲ್ಲದ ಗಂಡಸು ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳನ್ನು ನೋಡುತ್ತಿದ್ದರೆ ಈ ದೇಶದಲ್ಲಿ ಪೊಲೀಸರು ಬರುತ್ತಾರೆ. ಬಸವನಗುಡಿಯವರೇ, ಕಚೇರಿಗೆ ಫೋನ್ ಮಾಡಿ, ಶಾಲೆ ತೋರಿಸುವ ದಿನ ಯಾವುದು ಎಂದು ಕೇಳಿ ಹೋಗಿ.

ಶಿರಸಿ_ಅಪ್ಪೆಹುಳಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ. 2022ರಿಂದ ಕ್ಯಾಲಿಫೋರ್ನಿಯದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. ನನ್ನ ಮಗಳ ಚಿತ್ರಾನ್ನದ ಡಬ್ಬಿ ಅಂದಿನಿಂದ ಹೋದ ಹಾಗೆಯೇ ವಾಪಸ್ ಬರುತ್ತದೆ. ಪಿಜ್ಜಾ ತಿಂದು ಬರುತ್ತಾಳೆ. ಸಂಜೆ ಆ ಚಿತ್ರಾನ್ನ ತಿನ್ನುವವನು ನಾನು.

ಕುಂದಾಪುರದ_ಮೀನು

ಹಾಗೆಯೇ ಕನ್ನಡ ತರಗತಿ. ವಾರಾಂತ್ಯದ ಕನ್ನಡ ಶಾಲೆ ಎಲ್ಲಿ ಹತ್ತಿರ ಎಂದೂ ನೋಡಿಕೊಳ್ಳಿ. ಹೈಸ್ಕೂಲ್ ಮುಗಿಸುವಾಗ ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾದ ಮೇಲೆ ಮುದ್ರೆ ಹಾಕಿ ಕೊಡುವ ಪದ್ಧತಿ ಈ ರಾಜ್ಯದಲ್ಲಿದೆ. ಕನ್ನಡಕ್ಕೂ ಕೊಡುತ್ತಾರೆಯೇ ಎಂಬುದು ಡಿಸ್ಟ್ರಿಕ್ಟ್ ಒಪ್ಪುವ ಪರೀಕ್ಷೆಯ ಮೇಲೆ ನಿಂತಿದೆ, ಕೇಳಿ.

ತುಮಕೂರು_ತಟ್ಟೆಇಡ್ಲಿ

ಈ ಕಡೆ ಹಸಿ ಅವರೆಕಾಯಿ ಎಲ್ಲಿ ಸಿಗುತ್ತದೆ? ಹಿದುಕಿದ್ದಲ್ಲ, ಕಾಯಿ. (ವಿಷಯಾಂತರಕ್ಕೆ ಕ್ಷಮೆ ಇರಲಿ.)

ಡಬ್ಲಿನ್_ದಾವಣಗೆರೆ

ಪಾಪಡಿ ಎಂಬ ಹೆಸರಿನಲ್ಲಿ ಇಟ್ಟಿರುತ್ತಾರೆ, ಅದು ನಮ್ಮ ಸೊಗಡಿನದಲ್ಲ. ನನ್ನ ಅತ್ತೆ ಹಿತ್ತಲಲ್ಲಿ ಬೆಳೆದಿದ್ದಾರೆ, ಡಬ್ಲಿನ್‌ಗೆ ಬನ್ನಿ. ಮೆಲ್ಲೊ-ರೂಸ್‌ಗೆ ಇದೊಂದೇ ಪ್ರತಿಫಲ.

ಕಾಫಿ_ಡಿಕಾಕ್ಷನ್

ಮೂಲ ಪ್ರಶ್ನೆಗೆ ಬರೋಣ. ಬಸವನಗುಡಿ ಸರ್, ಒಂದು ಕೇಳಬೇಕಿತ್ತು. ನೀವು *ಈಗ* ಇರುವ ಮನೆ ಯಾವ ಡಿಸ್ಟ್ರಿಕ್ಟ್‌ಗೆ ಸೇರಿದೆ? ಸನಿವೇಲ್ ಒಂದೇ ಊರಾದರೂ ಚೂರುಚೂರಾಗಿ ಹಂಚಿಹೋಗಿದೆ: ಕೆಲವು ಬೀದಿ ಸನಿವೇಲ್ ಡಿಸ್ಟ್ರಿಕ್ಟ್‌ಗೆ, ಕೆಲವು ಸಾಂಟಾ ಕ್ಲಾರಾ ಯೂನಿಫೈಡ್‌ಗೆ, ದಕ್ಷಿಣದ ಕೆಲವು ಕುಪರ್ಟಿನೊ ಯೂನಿಯನ್‌ಗೆ. ಕುಪರ್ಟಿನೊ ಯೂನಿಯನ್ 8ನೇ ತರಗತಿವರೆಗೆ ಮಾತ್ರ, ಆಮೇಲೆ ಅದೇ ಹೆಸರು ಗೊಂದಲದ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಕುಪರ್ಟಿನೊ ಯೂನಿಯನ್‌ನಲ್ಲಿ ಮಕ್ಕಳ ಸಂಖ್ಯೆ ಇಳಿದು 2022ರಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಿದ್ದೂ ಇದೆ. ಚಿಕ್ಕ ಮಕ್ಕಳಿರುವವರಿಗೆ ಬಾಡಿಗೆ ಕೈಗೆಟುಕದ ಊರಿನಲ್ಲಿ ಮಕ್ಕಳು ಎಲ್ಲಿಂದ ಬರಬೇಕು?

ಡಿಸ್ಟ್ರಿಕ್ಟ್‌ನ ತಾಣದಲ್ಲಿ ಮನೆ ಸಂಖ್ಯೆ ಹಾಕಿ ನೋಡಿ. ಮನೆ ಮಾರುವ ತಾಣದಲ್ಲಿ ಬೇಡ.

ಬಸವನಗುಡಿ_ಅಪ್ಪ

ಎರಡು ದಿನ ತಡವಾಗಿ ಬರೆಯುತ್ತಿದ್ದೇನೆ, ಕಾರಣ ನಾಚಿಕೆ.

ನಮ್ಮ ಈಗಿನ ಮನೆ ಕುಪರ್ಟಿನೊ ಯೂನಿಯನ್. ಹೈಸ್ಕೂಲ್ ಹೋಮ್‌ಸ್ಟೆಡ್. ನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ, ಪ್ರತಿ ತಿಂಗಳೂ ಬಾಡಿಗೆ ಕಟ್ಟಿದ್ದೇನೆ, ಮೂರು ಊರು ಸುತ್ತಿ ಪೆಟ್ರೋಲು ಸುಟ್ಟಿದ್ದೇನೆ.

ಹುಬ್ಬಳ್ಳಿ_ಗಿರ್ಮಿಟ್

ಹೋಮ್‌ಸ್ಟೆಡ್! ಸ್ಟೀವ್ ಜಾಬ್ಸ್ ಮತ್ತು ವೋಜ್ನಿಯಾಕ್ ಓದಿದ ಶಾಲೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಮಲೆನಾಡಿನ_ಮಳೆ

ಸಂತೋಷ. ಆದರೆ ಪ್ರಾಥಮಿಕ ಶಾಲೆಯಲ್ಲಿ ಜಾಗ ಇದೆಯೇ ಎಂದು ಕೇಳಿದಿರಾ? ಡೇಕೇರ್?

ಬಸವನಗುಡಿ_ಅಪ್ಪ

ಈ ದಿನ ಹೋಗಿದ್ದೆವು. ಜಾಗ ಇದೆ ಎಂದರು, ಡೇಕೇರ್ ಪಟ್ಟಿಯಲ್ಲಿ ಹದಿನಾಲ್ಕನೆಯವರು. ವಿಳಾಸದ ಪುರಾವೆಗೆ ಬಾಡಿಗೆ ಕರಾರು, ಕರೆಂಟ್ ಬಿಲ್ ಬೇಕಂತೆ. ಕರೆಂಟ್ ಬಿಲ್ ಇನ್ನೂ ಹಳೆಯ ಬಾಡಿಗೆದಾರರ ಹೆಸರಿನಲ್ಲಿದೆ ಎಂಬುದು ನನಗೆ ಆ ಕಿಟಕಿಯ ಮುಂದೆ ನಿಂತಾಗಲೇ ತಿಳಿದದ್ದು. ನಾಳೆ ಅದರ ಹಿಂದೆ ಓಡಬೇಕು.

ಮಗಳು ಕಚೇರಿಯ ಗೋಡೆಯ ಮೇಲಿದ್ದ ಕಾಗದದ ಮೀನುಗಳನ್ನು ಎಣಿಸಿದಳು. ಇಪ್ಪತ್ತಮೂರು. ಒಂದಕ್ಕೆ ಕಣ್ಣಿಲ್ಲ ಎಂದು ಅಲ್ಲಿದ್ದ ಮಹಿಳೆಗೆ ಹೇಳಿದಳು. ಅವರು ಪೆನ್ನು ಕೊಟ್ಟು ‘ನೀನೇ ಹಾಕು’ ಎಂದರು. ಸ್ಟೂಲು ಹತ್ತಿ ಹಾಕಿದಳು. ಒಂದು ವರ್ಷಕ್ಕೆ ಕರಾರು ಮುಂದುವರಿಸುತ್ತಿದ್ದೇವೆ. ಡಬ್ಲಿನ್ ಅಡುಗೆಮನೆಯ ಫೋಟೊ ಮಾತ್ರ ಹೆಂಡತಿಯ ಮೊಬೈಲಿನಲ್ಲಿ ಹಾಗೇ ಇದೆ.

ಡಬ್ಲಿನ್_ದಾವಣಗೆರೆ

ಮುಂದಿನ ವರ್ಷ ಬನ್ನಿ, ಅವರೆಕಾಯಿ ಸಮಯಕ್ಕೆ.

ತುಮಕೂರು_ತಟ್ಟೆಇಡ್ಲಿ

ಆ ಹದಿನೆಂಟು ಕಾಲಂಗಳ ಹಾಳೆ ಇನ್ನೂ ಅಳಿಸಿಲ್ಲದಿದ್ದರೆ ಇಲ್ಲಿ ಹಾಕಿ ಸರ್. ನಮ್ಮ ಕರಾರು ಆಗಸ್ಟ್‌ನಲ್ಲಿ ಮುಗಿಯುತ್ತದೆ.